ಗಡಿಯಾಚೆಯ ಜವರಯ್ಯ

೨೦೨೫ರ ಮೇ ೨೨, ಗುರುವಾರ. ಸಂಜೆ ಐದೂಕಾಲಿಗೆ ಠಾಣೆಗೆ ದೂರು ಬಂತು. ತಂದವನು ಹೆಗ್ಗದ್ದೆ ಕಡೆಯ ಹೊಸಗುಡ್ಡ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಜಯಕುಮಾರ್. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಒಂದು ಹಾಳೆ. ಸಬ್ ಇನ್‌ಸ್ಪೆಕ್ಟರ್ ಗಗನಾ ಕೂರಲು ಹೇಳಿದರೂ ಅವನು ಕೂರಲಿಲ್ಲ.

ದೂರಿನ ಸಾರಾಂಶ ಇಷ್ಟು. ಎಸ್ಟೇಟಿನ ಕೆಲಸಗಾರ ಜವರಯ್ಯ, ವಯಸ್ಸು ಐವತ್ತೆರಡು, ಮಧ್ಯಾಹ್ನ ಊಟದ ಹೊತ್ತಿಗೆ ಕುಡಿಯಲೆಂದು ಹೊರಗೆ ಹೋಗಿದ್ದ. ಎಸ್ಟೇಟಿನ ಹಳ್ಳ ದಾಟಿದರೆ ಸಿಗುವ ಟಾರು ರಸ್ತೆಯಲ್ಲಿ ಯಾವುದೋ ವಾಹನ ಅವನಿಗೆ ಡಿಕ್ಕಿ ಹೊಡೆದು ನಿಲ್ಲಿಸದೆ ಹೋಗಿದೆ. ಜಯಕುಮಾರನೇ ಕಂಡು ೧೦೮ಕ್ಕೆ ಫೋನ್ ಮಾಡಿದ್ದಾನೆ. ಆಂಬುಲೆನ್ಸ್ ಬರುವಷ್ಟರಲ್ಲಿ ಜೀವ ಹೋಗಿದೆ.

ಅಪರಿಚಿತ ವಾಹನದ ಚಾಲಕನ ಮೇಲೆ ಎಫ್‌ಐಆರ್ ದಾಖಲಾಯಿತು. ಸಹಿ ಹಾಕುವಾಗ ಜಯಕುಮಾರ್ ತನ್ನ ಹೆಸರನ್ನೇ ಒಮ್ಮೆ ತಪ್ಪಾಗಿ ಬರೆದು ಹೊಡೆದುಹಾಕಿದ. ಮುಖ್ಯಪೇದೆ ಶಾಂತಮಲ್ಲಪ್ಪ ನೀರು ಕೊಟ್ಟರು. ಜೊತೆಯಲ್ಲಿ ದುಡಿದವನು ಸತ್ತಾಗ ಯಾರಿಗಾದರೂ ಹೀಗಾಗುತ್ತದೆ ಎಂದುಕೊಂಡರು. ಅದೇನೂ ತಪ್ಪು ಎಣಿಕೆಯಲ್ಲ.

ಮಾರನೇ ದಿನ ಬೆಳಿಗ್ಗೆ ಶವಾಗಾರದಿಂದ ನೇರವಾಗಿ ಠಾಣೆಗೆ ನಡೆದುಬಂದವಳು ಜವರಯ್ಯನ ಹೆಂಡತಿ ಭೂತಮ್ಮ. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಳು ಮುಗಿದಿತ್ತೋ, ಇನ್ನೂ ಶುರುವೇ ಆಗಿರಲಿಲ್ಲವೋ ಹೇಳುವುದು ಕಷ್ಟ.

“ನನ್ ಗಂಡ ಕುಡ್ಯಾಕೆ ಹೋಗಿಲ್ಲ ಕಣವ್ವ,” ಎಂದಳು.

“ಕುಡಿಯೋ ಅಭ್ಯಾಸ ಇರಲಿಲ್ವಾ?” ಗಗನಾ ಕೇಳಿದರು.

“ಇತ್ತು. ಸುಳ್ಳ್ಯಾಕೆ ಹೇಳ್ಲಿ. ಯುಗಾದೀಲಿ ಕುಡ್ದು ಚರಂಡಿಗೆ ಬಿದ್ದಿದ್ದ, ನಾನೇ ಎತ್ಕಂಡ್ ಬಂದೆ. ಆದ್ರೆ ಮರಗಸಿ ಶುರುವಾದ್ರೆ ಮುಗಿಯೋಗಂಟ ಅದ್ರ ವಾಸ್ನೇನೂ ನೋಡ್ತಿರಲಿಲ್ಲ. ಹೆಂಡ ಕುಡ್ದು ಮರ ಹತ್ತಿದೋನು ಇಳಿಯಲ್ಲ ಅಂತ ಅವ್ನೇ ಹುಡುಗರಿಗೆ ಹೇಳೋನು.”

ಕಾಫಿಗಿಡಕ್ಕೆ ನೆರಳು ಕೊಡುವ ದೊಡ್ಡ ಮರಗಳ ಕೊಂಬೆ ಸವರಿ, ಮಳೆಗಾಲಕ್ಕೆ ಮುಂಚೆ ಬಿಸಿಲು ಗಾಳಿ ಬಿಡುವ ಕೆಲಸಕ್ಕೆ ಈ ಸೀಮೆಯಲ್ಲಿ ಮರಗಸಿ ಎನ್ನುತ್ತಾರೆ. ಗಗನಾ ಅರಸೀಕೆರೆಯ ತೆಂಗಿನ ನಾಡಿನವರು. ಕಾಫಿಯನ್ನು ಅವರು ಅಲ್ಲಿಯವರೆಗೆ ಕಂಡಿದ್ದು ಹೆಚ್ಚಾಗಿ ಲೋಟದಲ್ಲಿ.

“ಕೈಗೆ ಬೂದಿ ಐತೆ ಕಣವ್ವ. ಈಗ ನೋಡ್ಕಂಡ್ ಬಂದೆ, ಮೊಣಕೈಗಂಟ ಬೂದಿ. ಚಿಗಳಿ ಇರುವೆ ಕಡೀಬಾರ್ದು ಅಂತ ಮರ ಹತ್ತೋ ಮುಂಚೆ ಬಳ್ಕತಾರೆ. ಇಳಿದ್ ಮ್ಯಾಲೆ ಮೊದ್ಲು ಅದ್ನೇ ತೊಳ್ಕಳದು. ಬೂದಿ ಕೈಯಾಗೆ ಯಾವನ್ ಊಟುಕ್ಕೆ ಹೋಗ್ತಾನೆ, ಯಾವನ್ ಕುಡ್ಯಾಕೆ ಹೋಗ್ತಾನೆ?”

“ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಇಲ್ಲ. ಯಾರ್ನಾದ್ರೂ ಹಿಡೀರಿ ಅಂತ ನಾನು ಬಂದಿಲ್ಲ. ಎಲ್ಲಿ ಬಿದ್ದ ಅಂತ ಹೇಳಿ, ಸಾಕು.”

ಗಗನಾಗೆ ಅರ್ಥವಾಗಲಿಲ್ಲ. ಭೂತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ವಿವರಿಸಿದಳು. “ನಮ್ಮಲ್ಲಿ ಹಿಂಗೆ ಬಿದ್ ಸತ್ರೆ, ತಿಥಿ ದಿನ ಬಿದ್ ಜಾಗದ್ ಮಣ್ಣು ತಂದು ಹೂತಿರೋ ಗುಂಡಿ ಮ್ಯಾಲೆ ಹಾಕ್ಬೇಕು. ಇಲ್ದಿದ್ರೆ ಜೀವ ಅಲ್ಲೇ ಕುಂತಿರ್ತದೆ, ಮನೆ ದಾರಿ ಗೊತ್ತಾಗಲ್ಲ. ನಾನು ರೋಡಿನ್ ಮಣ್ಣು ತಗಂಡೋಗಿ ಹಾಕ್ಬುಟ್ಟು, ಅವ್ನು ಅಲ್ಲಿಲ್ದೇ ಇದ್ರೆ?”

ತಿಥಿ ಜೂನ್ ಒಂದನೇ ತಾರೀಖು, ಭಾನುವಾರ. ಪೊಲೀಸರಿಗೆ ಗಡುವು ಕೊಡುವವರು ಬಹಳ ಜನ: ಮೇಲಧಿಕಾರಿಗಳು, ನ್ಯಾಯಾಲಯ, ಪತ್ರಿಕೆಯವರು. ಇಂಥ ಗಡುವನ್ನು ಗಗನಾಗೆ ಯಾರೂ ಕೊಟ್ಟಿರಲಿಲ್ಲ.

ಅಂದೇ ಹನ್ನೊಂದು ಗಂಟೆಗೆ ರಸ್ತೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಒಡೆದ ಗಾಜಿಲ್ಲ, ಬಣ್ಣದ ಚೂರಿಲ್ಲ. ರಕ್ತವಿದ್ದರೂ ರಾತ್ರಿಯ ಮಳೆ ತೊಳೆದಿರಬಹುದು ಎಂದರು ಶಾಂತಮಲ್ಲಪ್ಪ. ರಸ್ತೆಯ ಅಂಚಿನ ಹುಲ್ಲಿನ ಮೇಲೆ ನಾಲ್ಕು ಮಡಿಕೆ ಮಾಡಿದ ಒಂದು ಗೋಣಿತಟ್ಟು ನೆನೆದು ಬಿದ್ದಿತ್ತು. ಮನುಷ್ಯನ ತಲೆಯಡಿಗೆ ಇಟ್ಟಿದ್ದು ಅದು. ಡಿಕ್ಕಿ ಹೊಡೆದು ಓಡುವವನು ದಿಂಬು ಕೊಟ್ಟು ಓಡುವುದಿಲ್ಲ. ಗಗನಾ ಅದನ್ನು ಜಪ್ತಿ ಮಾಡಿಸಿದರು.

ಅಲ್ಲಿಂದ ಎಸ್ಟೇಟಿಗೆ. ಗೇಟಿನಲ್ಲೇ ಒಂದು ಹಸಿರು ಬೋರ್ಡು: “ಅಪಘಾತವಿಲ್ಲದ ದಿನಗಳು.” ಅದರ ಕೆಳಗಿನ ಅಂಕಿಯನ್ನು ಆ ಬೆಳಿಗ್ಗೆಯೂ ಯಾರೋ ಅಳಿಸಿ, ಒಂದು ಕೂಡಿಸಿ ಬರೆದಿದ್ದರು. ಸುಣ್ಣ ಇನ್ನೂ ಹಸಿಯಾಗಿತ್ತು. ಹಾಜರಿ ಕೂಗುವ ಶೆಡ್ಡಿನ ಗೋಡೆಗೆ ಒಂದು ಪೋಸ್ಟರ್. ಅದರಲ್ಲಿ ತೋಟದ ಚಿತ್ರ, ಸುತ್ತ ಹಸಿರು ಬೇಲಿ. ಬೇಲಿಯ ಒಳಗೆ ಸರಿ ಗುರುತು, ಹೊರಗೆ ತಪ್ಪು ಗುರುತು, ಮೇಲೆ ದಪ್ಪಕ್ಷರದಲ್ಲಿ “ನಮ್ಮ ಗಡಿ”. ಯಾವುದೋ ಜಾಹೀರಾತು ಇರಬೇಕೆಂದು ಗಗನಾ ಮುಂದೆ ನಡೆದರು.

ಮ್ಯಾನೇಜರ್ ಸಾಹೇಬರು ರಜೆಯಲ್ಲಿದ್ದರು. ಇಂಥ ಹೊತ್ತಿನಲ್ಲಿ ಸಾಹೇಬರು ರಜೆಯಲ್ಲೇ ಇರುತ್ತಾರೆ. ಆಫೀಸಿನ ಮೇಜಿನ ಮೇಲೆ ಕಂಪನಿಯ ಹೋದ ವರ್ಷದ ಸುಸ್ಥಿರತಾ ವರದಿ ಇತ್ತು, ಮದುವೆ ಆಲ್ಬಮ್ಮಿನಷ್ಟು ದಪ್ಪ, ಅಷ್ಟೇ ನುಣುಪು. ಮುಖಪುಟದಲ್ಲಿ ಹಳದಿ ಹೆಲ್ಮೆಟ್ ಹಾಕಿ, ಮರಕ್ಕೆ ಒರಗಿ, ನಗಲು ಹೇಳಿದ್ದಕ್ಕೆ ನಗುತ್ತಿರುವ ಒಬ್ಬ ಮನುಷ್ಯ. ಶವಾಗಾರದಲ್ಲಿ ಆ ಮುಖವನ್ನು ಅವರು ಕಂಡಿದ್ದರು.

“ಇದು ಜವರಯ್ಯ ಅಲ್ವಾ?”

“ಹೌದು ಮೇಡಂ.” ಜಯಕುಮಾರ್ ವರದಿಯನ್ನು ಬೋರಲು ಹಾಕಿದ.

“ನಿನ್ನೆ ಎಲ್ಲಿ ಕೆಲಸ ಮಾಡ್ತಿದ್ದ?”

“ಮಳೆ ಅಂತ ಕೆಲ್ಸ ನಿಲ್ಸಿದ್ವಿ. ಅವ್ನು ಗಡಿ ಆಚೆ ಇದ್ದ ಮೇಡಂ.”

“ನಾನು ಎಲ್ಲಿ ಕೆಲಸ ಅಂತ ಕೇಳಿದೆ.”

“ಅದೇ ಮೇಡಂ, ಗಡಿ ಆಚೆ. ಬಿದ್ದಿದ್ದೂ ಗಡಿ ಆಚೇನೇ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಗನಾ ಹೊರಗೆ ಬಂದರು. ಜೀಪಿನ ಹತ್ತಿರ ಶಾಂತಮಲ್ಲಪ್ಪನವರನ್ನು ಕೇಳಿದರು, “ನಿಮ್ಮ ಪಾಳ್ಯದಲ್ಲಿ ಹೊಲದ ಅಂಚಿಗೆ ಏನಂತೀರಿ?”

“ಬದ ಅಂತೀವಿ. ಬೇಲಿ ಇದ್ರೆ ಬೇಲಿ.”

“ಗಡಿ ಅನ್ನಲ್ವಾ?”

“ಗಡಿ ಅಂದ್ರೆ ಮಿಲಿಟರಿಯೋರು ಕಾಯೋದು ಮೇಡಂ,” ಎಂದರು ಶಾಂತಮಲ್ಲಪ್ಪ.

ಶನಿವಾರ ಮರಣೋತ್ತರ ವರದಿ ಬಂತು. ವೈದ್ಯರು ಫೋನಿನಲ್ಲೂ ಬಿಡಿಸಿ ಹೇಳಿದರು. ಬೆನ್ನುಮೂಳೆ ಮತ್ತು ಪಕ್ಕೆಲುಬು ಮುರಿದಿವೆ, ಎತ್ತರದಿಂದ ಬಿದ್ದ ಗುರುತು. ವಾಹನದ ಪೆಟ್ಟಿಲ್ಲ. ಹೊಟ್ಟೆಯಲ್ಲಿ ಮದ್ಯವಿಲ್ಲ. ಬಿದ್ದ ಮೇಲೆ ಒಂದೆರಡು ಗಂಟೆ ಬದುಕಿದ್ದಾನೆ.

“ಬೇಗ ತಂದಿದ್ರೆ?” ಗಗನಾ ಕೇಳಿದರು.

“ಹಲಗೆ ಮೇಲೆ ಮಲಗಿಸಿ ತಂದಿದ್ರೆ ಉಳೀತಿದ್ದ ಅಂತ ಆಣೆ ಮಾಡಲ್ಲ. ಆದ್ರೆ ಯಾರೋ ಕಂಕುಳಿಗೆ ಕೈ ಹಾಕಿ ಎತ್ತಿ, ಕುಲುಕಿಸಿಕೊಂಡು ಸಾಗಿಸಿದ್ದಾರೆ. ಮುರಿದ ಬೆನ್ನನ್ನ ಹಾಗೆ ಎತ್ತಬಾರದು.”

ಮಧ್ಯಾಹ್ನ ಗಗನಾ, ಶಾಂತಮಲ್ಲಪ್ಪ ಮತ್ತೆ ತೋಟಕ್ಕೆ ಹೋದರು. ಈ ಸಲ ಆಫೀಸಿಗೆ ಹೋಗದೆ ಹಳ್ಳದ ಕಡೆಯಿಂದ ಒಳಹೊಕ್ಕರು. ಜಾರಿ ಎರಡು ಸಲ ಬಿದ್ದ ಶಾಂತಮಲ್ಲಪ್ಪ ಈ ಸೀಮೆಯ ಮಣ್ಣಿಗೆ ಮರ್ಯಾದೆಯಿಲ್ಲ ಎಂದರು. ಮಳೆ ಆಗಲೇ ಹಿಡಿದುಬಿಟ್ಟಿತ್ತು. ಮರಗಳ ಕಾಂಡಗಳ ಮೇಲೆ ಪಾಚಿ ಹಸಿರಾಗಿ ಊದಿಕೊಂಡಿತ್ತು. ಪ್ರತಿ ಮರಕ್ಕೂ ಒಂದು ಅಲ್ಯೂಮಿನಿಯಂ ಬಿಲ್ಲೆ, ಅದರ ಮೇಲೆ ನಂಬರು.

ಒಂದು ಏರಿನಲ್ಲಿ ಅಕ್ಕಪಕ್ಕದ ಮರಗಳೆಲ್ಲ ಕೊಂಬೆ ಸವರಿಸಿಕೊಂಡು ಹಗುರಾಗಿ ನಿಂತಿದ್ದವು. ನಡುವೆ ಒಂದು ಗೋಣಿಮರ ಮಾತ್ರ ಒಂದು ಪಕ್ಕಕ್ಕೆ ಬೋಳು, ಇನ್ನೊಂದು ಪಕ್ಕಕ್ಕೆ ದಟ್ಟ. ಕ್ಷೌರದಂಗಡಿಯಿಂದ ನಡುವೆಯೇ ಎದ್ದುಬಂದವನ ತಲೆಯ ಹಾಗಿತ್ತು.

ಕೆಳಗೆ ಸೌದೆ ಆರಿಸುತ್ತಿದ್ದ ಶಿವು ಎಂಬವನನ್ನು ಗಗನಾ ಕರೆದರು. ಅವನೂ ಮರಗಸಿಯ ಆಳು, ಜವರಯ್ಯನ ಗುಂಪಿನವನು.

“ಇದನ್ನ ಯಾಕೆ ಅರ್ಧಕ್ಕೆ ಬಿಟ್ಟಿದ್ದೀರಿ?”

ಶಿವು ಕತ್ತಿಯಿಂದ ಒಂದು ಸೌದೆಯ ಚಿಗುರು ಸವರಿದ.

“ಬೇರೆ ಯಾರಾದ್ರೂ ಹತ್ತಿ ಮುಗಿಸಬಾರದಾ?” ಗಗನಾ ನಿಜಕ್ಕೂ ಗೊತ್ತಿಲ್ಲದೆಯೇ ಕೇಳಿದರು.

“ಅದೆಂಗ್ ಹತ್ತಾದು ಮೇಡಂ! ಆಳು ಬಿದ್ ಮರನಾ ಆ ವರ್ಷ ಯಾರೂ—” ಎಂದವನು ಅಲ್ಲಿಗೇ ನಿಂತ.

ಶಿವು ಕತ್ತಿಯನ್ನು ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕೂತು ಅಳತೊಡಗಿದ. “ನಮ್ಗೆಲ್ಲ ಗಡಿ ಆಚೆ ಅಂತ ಹೇಳಿ ಅಂದಿದ್ರು ಮೇಡಂ. ಇಲ್ದಿದ್ರೆ ನಾವಿರೋ ಲೈನು ಮನೆ ಖಾಲಿ ಮಾಡ್ಸ್‌ತಾರೆ ಅಂದ್ರು.”

“ಒದ್ದೆ ಮರಕ್ಕೆ ಯಾಕೆ ಹತ್ತಿಸಿದ್ರು?”

“ನಾವು ಏಪ್ರಿಲ್‌ನಾಗೇ ಹತ್ತೋರು. ಈ ವರ್ಷ ಬ್ಯಾಡ ಅಂದ್ರು. ಮ್ಯಾಲಿಂದ ಫೋಟೋ ತೆಗೀತಾರಂತೆ, ಸ್ಯಾಟಲೈಟು. ಅದ್ರಾಗೆ ಹಸ್ರು ಕಮ್ಮಿ ಕಾಣ್ಬಾರ್ದಂತೆ. ಫೋಟೋ ಆಯ್ತು ಅಂದ್ರು, ಮಾರ್ನೇ ದಿನಾನೇ ಮಳೆ ಬಂತು. ಈಗ ಒಂದೇ ವಾರ್ದಾಗೆ ಎಲ್ಲಾ ಮುಗ್ಸಿ ಅಂದ್ರು. ಜವರಣ್ಣ ಒದ್ದೆ ಐತೆ ಅಂದ. ಆಮ್ಯಾಕೆ ಅವ್ನೇ ಮೊದ್ಲು ಹತ್ತಿದ.”

“ಹಗ್ಗ, ಬೆಲ್ಟು?”

“ಸ್ಟೋರ್‌ನಾಗೆ ಐತೆ ಮೇಡಂ. ಸೋಮವಾರ ಪರೀಕ್ಷೆ ಮಾಡೋರು ಬರ್ತಾರೆ, ಹೊಸ್ದು ಹಂಗೇ ಇರ್ಲಿ ಅಂತ ಕೊಡ್ಲಿಲ್ಲ.”

ಗೋಣಿಮರದ ಬುಡದಲ್ಲಿ ಎರಡನೇ ಪಂಚನಾಮೆ ಆಯಿತು. ಮುರಿದ ಕೊಂಬೆ, ಕಾಂಡದ ಪಾಚಿಯಲ್ಲಿ ಕಾಲು ಜಾರಿದ ಉದ್ದನೆಯ ಗೀಟು, ತರಗಿನಡಿ ಸಿಕ್ಕ ಜವರಯ್ಯನ ಕತ್ತಿ. ಶಿವು ಪಂಚರ ಎದುರಿಗೆ ಜಾಗ ತೋರಿಸಿದ. ಶಾಂತಮಲ್ಲಪ್ಪ ಟೇಪು ಹಿಡಿದು ಅಳೆದರು, ಬರೆದರು. ಬರೆದು ಮುಗಿಸಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು.

ಪಿಕಪ್ ಓಡಿಸುವ ಯೋಗೇಶನನ್ನು ಭಾನುವಾರ ಠಾಣೆಗೆ ಕರೆಸಲಾಯಿತು. ಅವನನ್ನು ಹೆಚ್ಚು ಕೇಳಬೇಕಾಗಲಿಲ್ಲ. ಮೂರು ದಿನದಿಂದ ಊಟ ಸೇರದವನ ಮುಖ ಅದು.

“ಎಷ್ಟು ಹೊತ್ತಿಗೆ ಬಿದ್ದ?”

“ಹನ್ನೆರಡರ ಆಸುಪಾಸು. ಎಡಕುಮೇರಿ ಕಡೆ ಗೂಡ್ಸ್ ಗಾಡಿ ಕೂಗ್ತಿತ್ತು.”

“ಎತ್ತಿದ್ದು ಯಾರು?”

“ನಾನು, ರೈಟರ್ ಜಯಣ್ಣ. ನಾನು ಸೀದಾ ಸಕಲೇಶಪುರಕ್ಕೆ ಹೊಡೀತೀನಿ ಅಂದೆ. ಒಳಗಿಂದ ಕರ್ಕೊಂಡೋದ್ರೆ ಆಸ್ಪತ್ರೇಲಿ ಎಸ್ಟೇಟ್ ಹೆಸ್ರು ಬರೀತಾರೆ, ಮೊದ್ಲು ಹಳ್ಳ ದಾಟ್ಸಿ ರೋಡಲ್ಲಿ ಮಲ್ಗಿಸೋಣ, ಅಲ್ಲಿಂದ ೧೦೮ ಕರ್ಯಾಣ ಅಂದ ಜಯಣ್ಣ. ಹಳ್ಳದಲ್ಲಿ ನೀರು ಬಂದಿತ್ತು, ಗಾಡಿ ಸಿಕ್ಕಾಕ್ಕೊಂತು. ಅರ್ಧ ಗಂಟೆ ಒದ್ದಾಡ್‌ಬುಟ್ವಿ. ರೋಡಲ್ಲಿ ಸಿಗ್ನಲ್ ಇಲ್ಲ. ಜಯಣ್ಣ ದಿಬ್ಬದ ಮೇಲಕ್ಕೆ ಓಡ್ದ.”

“ನೀನು?”

“ನಂಗೆ ಗಾಡಿ ತಗಂಡು ಹೋಗು, ಇಲ್ಲಿರಬ್ಯಾಡ ಅಂದ. ಹೋಗ್ಬುಟ್ಟೆ ಮೇಡಂ.” ಯೋಗೇಶ್ ತಲೆ ಎತ್ತಲಿಲ್ಲ. “ಒಬ್ನೇ ಬಿಟ್ಟು ಹೋಗ್ಬುಟ್ಟೆ.”

“ಹಳ್ಳ ದಾಟಿಸಿದ್ರೆ ಏನು ಲಾಭ?”

“ಟ್ರೈನಿಂಗಲ್ಲಿ ಹೇಳಿದ್ರಲ್ಲ ಮೇಡಂ. ಗಡಿ ಒಳಗೆ ಆದ್ರೆ ಮಾತ್ರ ವರದಿಗೆ ಬರ್ಕೊಳ್ಳೋದು, ಆಚೆ ಆದ್ರೆ ನಮ್ಮ ಲೆಕ್ಕಕ್ಕಿಲ್ಲ ಅಂತ. ಶೆಡ್ಡಲ್ಲಿ ಪೋಸ್ಟರ್ ಐತಲ್ಲ.”

ಗಗನಾಗೆ ಆಗ ಆ ಹಸಿರು ಬೇಲಿ ನೆನಪಾಯಿತು. ಎದುರಿಗೇ ನೇತುಹಾಕಿದ್ದನ್ನು ಜಾಹೀರಾತು ಎಂದು ದಾಟಿ ಹೋಗಿದ್ದಕ್ಕೆ ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

ಸೋಮವಾರ, ಮೇ ೨೬. ವರದಿಯ ಅಂಕಿ ಪರಿಶೀಲಿಸುವ ಹೊರಗಿನ ತಂಡದ ಜೊತೆ ಕಂಪನಿಯ ಬೆಂಗಳೂರು ಕಚೇರಿಯ ಆಶಾ ಬಂದಿದ್ದರು. ಕಂಪನಿಯಿಂದ ವರ್ಷಕ್ಕೆ ಎಷ್ಟು ಇಂಗಾಲ ಹೊರಬಿತ್ತು, ಮರಗಳು ಎಷ್ಟು ಹೀರಿದವು, ಎಷ್ಟು ಜನಕ್ಕೆ ಪೆಟ್ಟಾಯಿತು ಎಂಬುದನ್ನೆಲ್ಲ ಒಂದೇ ವರದಿಯಲ್ಲಿ ತರುವುದು ಅವರ ಕೆಲಸ. ಜವರಯ್ಯ ರಸ್ತೆ ಅಪಘಾತದಲ್ಲಿ ಸತ್ತನೆಂದೇ ಅವರಿಗೆ ತಿಳಿಸಲಾಗಿತ್ತು. ಗಗನಾ ಅವರನ್ನು ಶೆಡ್ಡಿಗೆ ಕರೆದೊಯ್ದು ಪೋಸ್ಟರಿನ ಮುಂದೆ ನಿಲ್ಲಿಸಿದರು.

“ಈ ಗಡಿ ಅಂದ್ರೆ ಏನು?”

“ವರದಿಯ ಗಡಿ. ಬೌಂಡರಿ ಅಂತೀವಿ. ಯಾವುದನ್ನೆಲ್ಲ ನಮ್ಮ ಲೆಕ್ಕಕ್ಕೆ ತಗೋಬೇಕು ಅನ್ನೋದು.”

“ತೋಟದಲ್ಲಿ ಬಿದ್ದು ಬೇಲಿ ಆಚೆ ಸತ್ರೆ, ಲೆಕ್ಕಕ್ಕೆ ಬರುತ್ತಾ?”

“ಬರದೆ ಏನು? ಬೇಲಿಗೂ ಇದಕ್ಕೂ ಸಂಬಂಧವೇ ಇಲ್ಲ. ನಮ್ಮ ಕೆಲಸ ಮಾಡ್ತಾ ಬಿದ್ದವರು ರಸ್ತೆಯಲ್ಲಿ ಸತ್ರೂ, ಆಸ್ಪತ್ರೆಯಲ್ಲಿ ಸತ್ರೂ ನಮ್ಮ ಲೆಕ್ಕವೇ. ಇದು ಜಮೀನಿನ ಗಡಿಯಲ್ಲ, ಜವಾಬ್ದಾರಿಯ ಗಡಿ.”

“ಮತ್ತೆ ಈ ಬೇಲಿ?”

ಆಶಾ ಉತ್ತರ ಕೊಡಲು ಬಾಯಿ ತೆರೆದರು. ಗಗನಾ ಆಗ ಗುರುವಾರ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಆಶಾ ಪೋಸ್ಟರಿನ ಬೇಲಿಯ ಮೇಲೆ ಬೆರಳಿಟ್ಟರು.

“ಎಲ್ಲರಿಗೂ ಅರ್ಥ ಆಗಲಿ ಅಂತ ಹಾಕಿದ್ದೆ,” ಎಂದರು. “ಬೇಲಿ ಚಿತ್ರ ನಾನೇ ಹಾಕಿದ್ದು.”

ಅವರನ್ನು ಬಯ್ಯಬೇಕೆಂದು ಗಗನಾ ಬಂದಿದ್ದರು. ಬಯ್ಯಲಿಕ್ಕೆ ಮನಸ್ಸಾಗಲಿಲ್ಲ. ಫೋಟೋಗಾಗಿ ಮರಗಸಿ ಮುಂದೆ ಹಾಕಿಸಿದ ಬಗ್ಗೆಯೂ ಹೇಳಿಕೆ ಬೇಕು, ಮ್ಯಾನೇಜರಿಗೂ ನೋಟಿಸು ಹೋಗುತ್ತದೆ ಎಂದಷ್ಟೇ ಹೇಳಿ ಹೊರಬಂದರು.

ಜಯಕುಮಾರ್ ಆಫೀಸಿನಲ್ಲಿರಲಿಲ್ಲ. ಗೇಟಿನ ಹತ್ತಿರ, ಬೋರ್ಡಿನ ಕೆಳಗಿನ ಕಲ್ಲಿನ ಮೇಲೆ ಕೂತಿದ್ದ. ಜೀಪು ಕಂಡು ಎದ್ದುನಿಂತು ಎರಡೂ ಕೈ ಮುಂದೆ ಚಾಚಿದ. ಬೇಡಿಯ ಅಗತ್ಯವಿಲ್ಲವೆಂದು ಶಾಂತಮಲ್ಲಪ್ಪ ಅವನ ಹೆಗಲು ಹಿಡಿದು ಹತ್ತಿಸಿಕೊಂಡರು. ಸಾವಿಗೆ ಕಾರಣನಾದ ಮತ್ತು ಸಾಕ್ಷ್ಯ ಮರೆಮಾಚಿದ ಆರೋಪಗಳು ಪ್ರಕರಣಕ್ಕೆ ಸೇರಿದವು. ಯೋಗೇಶ್ ಎರಡನೇ ಆರೋಪಿಯಾದ.

ಠಾಣೆಯಲ್ಲಿ ಜಯಕುಮಾರ್ ಯಾವುದನ್ನೂ ಬಚ್ಚಿಡಲಿಲ್ಲ.

“ಯಾಕೆ ಮಾಡಿದೆ?”

“ಹೋದ್ ವರ್ಷ ಕೆಳಗುಡ್ಡ ಎಸ್ಟೇಟಲ್ಲಿ ಒಬ್ಬಂದು ಕಾಲು ಹೋಯ್ತು ಮೇಡಂ. ಅದೂ ನಮ್ಮ ಕಂಪನೀದೇ. ಅಂಕಿ ಕೆಟ್ಟೋಯ್ತು ಅಂತ ಫಾರಿನ್ನೋರು ಅಲ್ಲಿನ್ ಕಾಫಿ ಬೇಡ ಅಂದ್ರು. ತೋಟ ಬೇರೇವ್ರಿಗೆ ಕೊಟ್‌ಬುಟ್ರು, ಅವ್ರು ಲೈನ್ ಖಾಲಿ ಮಾಡ್ಸಿದ್ರು. ಬೀಗ ಹಾಕೋಕೆ ನನ್ನೇ ಕಳ್ಸಿದ್ರು. ಒಂದ್ ಅಜ್ಜಿ ಒಲೆ ಮೇಲಿದ್ ಪಾತ್ರೆ ಬಿಸಿ ಆರ್ಲಿ ಅಂತ ಕಾಯ್ತಾ ನಿಂತಿತ್ತು, ಲಾರಿಯೋನು ಬಯ್ತಿದ್ದ. ನಾನು ಹುಟ್ಟಿದ್ದೂ ಲೈನಲ್ಲೇ ಮೇಡಂ. ನಮ್ಮ ಲೈನಿಗೂ ಹಂಗೇ ಆಗ್ತದೆ ಅನ್ಕಂಡೆ. ಜವರಣ್ಣನ ಮನೇನೂ ಅಲ್ಲೇ ಐತಲ್ಲ.”

“ಅವನಿಗೆ ಪ್ರಜ್ಞೆ ಇತ್ತಾ?”

“ಇತ್ತು.”

“ಏನಾದ್ರೂ ಅಂದನಾ?”

ಜಯಕುಮಾರ್ ಮೇಜಿನ ಅಂಚು ಹಿಡಿದುಕೊಂಡ. “ಎಲ್ಲಿಗ್ ಕರ್ಕಂಡೋಗ್ತಿದ್ದೀಯ ಜಯ ಅಂದ. ಆಸ್ಪತ್ರೆಗೆ ಅಂದೆ. ಸರಿ ಬುಡು ಅಂತ ಕಣ್ಮುಚ್ಚಿದ. ನಂಬ್ದ ಮೇಡಂ.”

ಬರೆಯುತ್ತಿದ್ದ ಶಾಂತಮಲ್ಲಪ್ಪ ಪೆನ್ನು ನಿಲ್ಲಿಸಿದರು. ಗಗನಾ ಹೇಳಬೇಕೋ ಬೇಡವೋ ಎಂದು ಯೋಚಿಸಿದರು. ಹೇಗೂ ನಾಳೆ ವಕೀಲರ ಬಾಯಲ್ಲಿ ಕೇಳುತ್ತಾನೆ.

“ಹಳ್ಳ ದಾಟಿಸಿದ್ರೂ ಅದು ನಿಮ್ಮ ಲೆಕ್ಕಕ್ಕೇ ಬರ್ತಿತ್ತು ಜಯಕುಮಾರ್. ಗಡಿ ಅಂದ್ರೆ ಬೇಲಿ ಅಲ್ಲವಂತೆ.”

ಅವನಿಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. “ಹಂಗಾರೆ ಎಲ್ಲಿದ್ರೂ ಎಣಿಸ್ತಿದ್ರಾ?” ಎಂದ. “ಅವ್ನನ್ನ ಎತ್ತೋದೇ ಬೇಕಿರಲಿಲ್ವಾ?”

ಅಂದು ಸಂಜೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು. ಹಿಂದಿನ ವರ್ಷ ಮುಚ್ಚಿದ ಲೈನಿನ ಭಯ, ಒಂದು ಪೋಸ್ಟರು, ಒಂದು ಕನ್ನಡ ಪದ. ಆರೋಪಪಟ್ಟಿಯ ಉದ್ದೇಶದ ಕಾಲಮ್ಮಿನಲ್ಲಿ ಇದನ್ನೆಲ್ಲ ಬರೆಯುವುದು ಹೇಗೆಂದು ಶಾಂತಮಲ್ಲಪ್ಪ ಕೇಳಿದರು. “ಹೆದರಿಕೆ ಅಂತ ಬರೀರಿ,” ಎಂದರು ಗಗನಾ.

ಜೂನ್ ಒಂದು, ಭಾನುವಾರ ಬೆಳಿಗ್ಗೆ ಮಳೆ ಬಿಟ್ಟು ಹೊಳವಾಗಿತ್ತು. ಗಗನಾ ಭೂತಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಗೇಟಿನ ಬೋರ್ಡಿನಲ್ಲಿ ಅಂಕಿ ಇರಲಿಲ್ಲ. ಯಾರೋ ಅಳಿಸಿದ್ದರು, ಹೊಸದನ್ನು ಬರೆದಿರಲಿಲ್ಲ. ಲೈನಿನ ಗತಿ ಏನೆಂದು ಇನ್ನೂ ಯಾರಿಗೂ ಗೊತ್ತಿರಲಿಲ್ಲ.

ಗೋಣಿಮರದ ಬುಡಕ್ಕೆ ಶಿವು ದಾರಿ ತೋರಿಸಿದ. ಭೂತಮ್ಮ ಮೊದಲು ಮೇಲೆ ನೋಡಿದಳು, ಬೋಳು ಪಕ್ಕವನ್ನೂ ದಟ್ಟ ಪಕ್ಕವನ್ನೂ.

“ಇಲ್ಲೇನಾ?”

“ಇಲ್ಲೇ,” ಎಂದರು ಗಗನಾ.

“ಬಿದ್ದೋನು ಇಲ್ಲೇ ಹೋಗಿದ್ರೆ ಒಂದೇ ಜಾಗ ಆಗ್ತಿತ್ತು. ರೋಡಿಗೆ ಯಾಕ್ ಹೊತ್ಕಂಡೋದ್ರು?”

ಗಗನಾ ಇದ್ದದ್ದನ್ನೇ ಹೇಳಿದರು. ಪರೀಕ್ಷೆ, ಅಂಕಿ, ಗಡಿ, ಜಯಕುಮಾರನ ಹೆದರಿಕೆ. ಭೂತಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

“ಜಯ ಚಿಕ್ಕೋನಿದ್ದಾಗ ಇವ್ನೇ ಹೆಗಲ ಮ್ಯಾಲೆ ಕೂರಿಸ್ಕಂಡು ಆ ಹಳ್ಳ ದಾಟ್ಸೋನು, ಇಸ್ಕೂಲಿಗೆ,” ಎಂದಳು.

ಆಮೇಲೆ ಬಗ್ಗಿ, ತರಗು ಸರಿಸಿ, ಒಂದು ಹಿಡಿ ಮಣ್ಣು ತೆಗೆದು ಸೆರಗಿಗೆ ಕಟ್ಟಿಕೊಂಡಳು. ವಾಪಸು ಬರುವಾಗ ಹಳ್ಳದ ಆಚೆ ಜೀಪು ನಿಲ್ಲಿಸಲು ಹೇಳಿದಳು. ಹುಲ್ಲಿನ ಅಂಚಿನಲ್ಲಿ, ತಲೆಯಡಿಗೆ ಗೋಣಿತಟ್ಟು ಇದ್ದ ಜಾಗದಲ್ಲಿ, ಇನ್ನೊಂದು ಹಿಡಿ ತೆಗೆದಳು. ಎರಡನ್ನೂ ಒಂದೇ ಗಂಟಿಗೆ ಹಾಕಿದಳು.

“ಎರಡು ಕಡೆ ಕಾದವ್ನೆ,” ಎಂದಳು. “ನಡೀ, ಮನೇಗೋಗಾಣ.”

ಮಾತು ತಮಗಲ್ಲವೆಂದು ಗಗನಾಗೆ ಜೀಪು ಹತ್ತಿದ ಮೇಲೆ ತಿಳಿಯಿತು.